ತಮ್ಮನ ಕಿರುಚಿತ್ರಕ್ಕೆ ಅಣ್ಣನ ತಕರಾರು

ರಿಯಾದ್

ಪ್ರೀತಿಯ ತಿಪ್ಪೇಶಿಗೆ,

ನಾನು ಕ್ಷೇಮ. ಅವ್ವನ ಮಂಡಿನೋವು ಹೇಗಿದೆ ಅಂತ ತಿಳಿಸು. ನೀನು ವಾಟ್ಸಾಪಿನಲ್ಲಿ ಕಳಿಸಿದ, ಸೌದಿಗೆ ದುಡಿಯೋಕೆ ಬಂದವನ ಸಿನಿಮಾ ಕತೆ ಶುಕ್ರವಾರ ರಜೆಯಲ್ಲಿ ಪೂರ್ತಿ ಓದಿದೆ, ರೂಮಿನವರಿಗೂ ಹೇಳಿದೆ. ಪಾಸ್‌ಪೋರ್ಟ್ ಕಿತ್ತುಕೊಳ್ಳೋ ಸೀನಿಗೆ ರಾಯಚೂರಿನ ಹುಡುಗ ಚಪ್ಪಾಳೆ ಹೊಡೆದ. ಆದರೆ ಒಂದಷ್ಟು ತಿದ್ದಬೇಕು ಕಣೋ.

ನಿನ್ನ ನಾಯಕ ಜುಲೈ ತಿಂಗಳ ನಡುಮಧ್ಯಾಹ್ನ ಕಬ್ಬಿಣ ಕಟ್ತಾ ಬಿಸಿಲಿಗೆ ಬಿದ್ದು ಸಾಯ್ತಾನೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಹಾಗಂತ ಸುಖ ಅಂದ್ಕೋಬೇಡ, ಆ ಮೂರು ಗಂಟೆ ಸರಿದೂಗಿಸೋಕೆ ನಸುಕಿನ ನಾಲ್ಕಕ್ಕೇ ಬಸ್ ಹತ್ತಿಸ್ತಾರೆ. ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿಕೊಂಡು ಬಸ್ಸಿಗೆ ಬಸ್ಸೇ ನಿದ್ದೆ ಹೊಡೀತಿರುತ್ತೆ. ಅದನ್ನು ಶೂಟ್ ಮಾಡು, ಸಾವಿಗಿಂತ ಜಾಸ್ತಿ ನಾಟುತ್ತೆ. ಪಾಸ್‌ಪೋರ್ಟ್ ಇಟ್ಕೊಳ್ಳೋದು ಇಲ್ಲಿನ ಕಾನೂನಿನಲ್ಲೂ ತಪ್ಪೇ, ಆದರೂ ಇಟ್ಕೊಳ್ಳೋರಿದ್ದಾರೆ. ದಿನಾ ಜೀವ ತಿನ್ನೋದು ಇಕಾಮಾ, ಅಂದರೆ ಇಲ್ಲಿ ಇರೋಕೆ ಕೊಡೋ ಪರವಾನಗಿ ಕಾರ್ಡು. ಅದನ್ನು ರಿನ್ಯೂ ಮಾಡಿಸಬೇಕಾದೋನು ಮಾಲೀಕ, ಅವನು ಸುಮ್ಮನಿದ್ದರೆ ಸಿಕ್ಕಿಬೀಳೋದು ನಾವು. 2021ರ ಮಾರ್ಚ್‌ನಿಂದ, ಒಂದು ವರ್ಷ ದುಡಿದವನಿಗೆ ಕೆಲಸ ಬದಲಿಸೋಕೆ ಮಾಲೀಕನ ಒಪ್ಪಿಗೆ ಬೇಡ ಅಂತ ಮಾಡಿದರು. ಮನೆಗೆಲಸದವರು, ಮನೆ ಡ್ರೈವರ್‌ಗಳು, ಕುರಿ ಕಾಯೋರು ಇಂಥವರು ಮಾತ್ರ ಆ ಲೆಕ್ಕಕ್ಕೆ ಬರಲಿಲ್ಲ. ಕತೆ ಹುಡುಕೋದಾದರೆ ಅಲ್ಲಿ ಹುಡುಕು.

ನನ್ನ ದೊಡ್ಡ ತಕರಾರು ಹೆಂಡತಿ ಪಾತ್ರದ್ದು. ಇರೋ ಮೂರೂ ಸೀನಿನಲ್ಲಿ ಬಾಗಿಲಲ್ಲಿ ನಿಂತು ಸೆರಗಲ್ಲಿ ಕಣ್ಣೊರೆಸ್ಕೊಳ್ತಾಳೆ. ನಿಮ್ಮ ಅತ್ತಿಗೆ ಯಾವತ್ತಾದರೂ ಹಾಗೆ ನಿಂತಿದ್ದು ನೋಡಿದ್ದೀಯಾ? ನಿಲ್ಲೋಕೆ ಪುರುಸೊತ್ತೆಲ್ಲಿ ಅವಳಿಗೆ! ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ಟಾರ್ಚ್ ಹಿಡಿದು ಬೋರಿನ ಹತ್ತಿರ ಹೋಗೋಳು ಅವಳು. ಸಂಘದ ಕಂತು, ಶೇಂಗಾ ಬೀಜ, ಅವ್ವನ ಮಾತ್ರೆ ಎಲ್ಲಾ ಅವಳ ತಲೆ ಮೇಲೆ. ಮೋಟಾರು ಸುಟ್ಟಾಗ ‘ಏನ್ ಮಾಡಾಣ್ರಿ’ ಅಂತ ಫೋನಿನಲ್ಲಿ ಕೇಳಿದಳು. ನಾನು ಗಂಭೀರವಾಗಿ ಯೋಚನೆ ಮಾಡಿ, ಚಳ್ಳಕೆರೆಗೆ ಒಯ್ದು ರೀವೈಂಡಿಂಗ್ ಮಾಡಿಸು ಅಂದೆ. ಅವಳ ಹಿಂದೆ ತೊಟ್ಟಿಗೆ ನೀರು ದಬದಬ ಬೀಳೋ ಸದ್ದು! ಮಾಡಿಸಿಯಾಗಿತ್ತು. ಕೇಳಿದ್ದು ನನ್ನ ಮರ್ಯಾದೆಗೆ. ನಾನಿಲ್ಲದೆಯೂ ಮನೆ ನಡೀತದೆ ಅಂತ ಖುಷಿಯೂ ಆಯ್ತು, ಹೊಟ್ಟೆಯೊಳಗೆ ಒಂಥರಾ ಕಿಚ್ಚೂ ಆಯ್ತು. ಬರೆಯೋದಾದರೆ ಇದನ್ನು ಬರಿ.

ಇನ್ನು, ನಾಯಕ ರಾತ್ರಿ ಎಂಟಕ್ಕೆ ಫೋನ್ ಮಾಡಿ ಮಗಳ ಕೈಲಿ ಹಾಡು ಹೇಳಿಸ್ತಾನೆ. ಇಲ್ಲಿ ಎಂಟು ಅಂದರೆ ನಿಮಗೆ ಹತ್ತೂವರೆ. ವಾರವೆಲ್ಲಾ ನಾನು ನೋಡೋದು ಮಲಗಿದ ಮಗಳನ್ನ.

ಸಂಬಳ ನಿಂತ ಸೀನಿನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಮಾತು ಹಾಕಿದ್ದೀಯಲ್ಲ, ಅದನ್ನು ಮುಟ್ಟಬೇಡ. ಹಿಂದಿನ ಕಂಪನಿಯಲ್ಲಿ ಸಂಬಳ ತಡೆದಾಗ ನಾನೂ ಅದನ್ನೇ ಗೊಣಗ್ತಿದ್ದೆ.

ಕ್ಯಾಮೆರಾ ಬಾಡಿಗೆಗೆ ಐದು ಸಾವಿರ ಕಳಿಸ್ತೀನಿ, ಡ್ರೋನ್ ಗೀನ್ ಬೇಡ. ಹೆಂಡತಿ ಪಾತ್ರದ ಮಾತುಗಳನ್ನ ಅತ್ತಿಗೆಗೆ ತೋರಿಸಿಯೇ ಶೂಟಿಂಗ್ ಶುರು ಮಾಡು. ಬೈತಾಳೆ, ಬೈಸ್ಕೋ.

ಇಂತಿ,
ನಿನ್ನ ಅಣ್ಣ