ಎಸೆದ ಮೇಲೂ ತೋಳು ಬಿಡಬೇಡ

ಪ್ರೀತಿಯ ಪುಟ್ಟಿ,

ಅಂಗಡಿಯ ಗಲ್ಲಾ ಕೀಲಿ ನಿನ್ನ ಕೈಗೆ ಬಂದು ಮೂರು ವಾರವಾಯಿತು. ಆರು ಜನ ಕೆಲಸದವರು, ಎರಡು ಸ್ಕೂಟರು, ಹಿಂದುಗಡೆ ಒಂದು ಹಿಟ್ಟಿನ ಗಿರಣಿ. ಜೊತೆಗೆ ನಿಮಿಷಗಳಲ್ಲೇ ಸಾಮಾನು ಮನೆಬಾಗಿಲಿಗೆ ತರುವ ಆ್ಯಪ್‌ಗಳು. ಜನರನ್ನು ನಡೆಸುವುದು ಹೇಗೆ ಅಂತ ಯಾವ ಪುಸ್ತಕ ಓದಲಿ ಎಂದು ಕೇಳಿದ್ದೀಯ. ಒಂಬತ್ತು ವರ್ಷ ಜೂಡೋ ಮ್ಯಾಟಿನ ಮೇಲೆ ಬಿದ್ದು ಎದ್ದವಳು ನೀನು. ಮೈಗೆ ಗೊತ್ತಿರುವುದನ್ನೇ ಕೌಂಟರಿನ ಹಿಂದೆ ನಿಂತು ಒಮ್ಮೆ ನೆನಪು ಮಾಡಿಕೋ.

ಮೊದಲ ಪಾಠ ಬೀಳುವುದು, ಉಕೆಮಿ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲಿಟ್ಟು, ಬೆನ್ನು ದುಂಡಗೆ ಮಾಡಿ ಕೂತಂತೆ ಇಳಿಯಬೇಕು. ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ, ಅಂಗೈ ಕೆಳಗೆ ಮಾಡಿ ಮ್ಯಾಟಿಗೆ ಬಡಿಯಬೇಕು. ತೋಳು ಹೆಗಲಿನ ಮಟ್ಟಕ್ಕೆ ಹೋದರೆ ಪೆಟ್ಟು ಹೆಗಲಿಗೆ, ಮೈಗೆ ಅಂಟಿಕೊಂಡರೆ ಮೊಣಕೈಗೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಬೀಳಲೇಬಾರದೆಂದು ಕೈಯನ್ನು ಹಿಂದೆ ಊರುತ್ತಾರೆ. ಮಣಿಕಟ್ಟು ಮುರಿಯುವುದು ಆಗಲೇ.

ಅಂಗಡಿಯಲ್ಲಿ ಆ ಊರಿದ ಕೈ ಅಂದರೆ ಉದ್ರಿ ಪುಸ್ತಕ. ಗಿರಾಕಿ ಕೈತಪ್ಪಬಾರದೆಂದು ಹಳೆಯ ಬಾಕಿಯ ಮೇಲೆ ಹೊಸ ಬಾಕಿ ಬರೆಯುತ್ತಾ ಹೋಗುವುದು. ಒಂದು ಮನೆಗೆ 3,000 ರೂಪಾಯಿ ಮಿತಿ ಇಡು. ಬಾಕಿ ತಿಂಗಳ 10ನೇ ತಾರೀಖಿನೊಳಗೆ ತೀರಬೇಕು, ತೀರುವ ತನಕ ಹೊಸದು ಬರೆಯಬೇಡ. ಎಲ್ಲರ ಉದ್ರಿ ಸೇರಿ ನಿನ್ನ ಒಂದು ವಾರದ ವ್ಯಾಪಾರ ದಾಟದಿರಲಿ. ಹೊಸ ಕಂಪನಿಯ ಬಿಸ್ಕತ್ತೋ ಸೋಪೋ ಬಂದರೆ ಮೊದಲ ಸಲ ಒಂದೇ ಪೆಟ್ಟಿಗೆ ತೆಗೆದುಕೋ. ಎಕ್ಸ್‌ಪೈರಿ ಆದರೆ ವಾಪಸ್ ಪಡೆಯುತ್ತೇವೆಂದು ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಬಿಲ್ಲಿನ ಮೇಲೇ ಬರೆಸು. ಬಾಯಿಮಾತು ಬೇಡ, ಅವರ ಕಡೆಯಿಂದ ಆರ್ಡರಿಗೆ ಬರುವ ಹುಡುಗ ಮುಂದಿನ ತಿಂಗಳು ಬೇರೆ ಕಂಪನಿಯಲ್ಲಿರುತ್ತಾನೆ.

ಇನ್ನು ಆ್ಯಪ್‌ಗಳ ವಿಷಯ. ನಿನ್ನ ಕಾಗದದಲ್ಲಿ ಬಿಗಿದ ತೋಳು ಕಾಣುತ್ತಿದೆ, ಎದುರಾಳಿಯನ್ನು ಬಲದಿಂದಲೇ ತಳ್ಳಿ ತಡೆಯಲು ನೋಡುವ ತೋಳು. ಅವರು ಚಿಪ್ಸಿಗೆ ಐದು ರೂಪಾಯಿ ಇಳಿಸಿದರೆ ನೀನು ಆರು ಇಳಿಸಿದೆ ಅಂತೀಯ. ಜೂಡೋ ಕಟ್ಟಿದ ಕಾನೋ ಜಿಗೊರೊ 1882ರಲ್ಲಿ ಟೋಕಿಯೋದ ಏಶೋಜಿ ದೇವಾಲಯದಲ್ಲಿ 12 ತತಾಮಿ ಚಾಪೆಯ ಜಾಗದಲ್ಲಿ ಕೊಡೋಕಾನ್ ಎಂಬ ಜೂಡೋ ಶಾಲೆ ಶುರುಮಾಡಿದಾಗ 21 ವರ್ಷದ ಮೇಷ್ಟ್ರು. ಆಮೇಲೆ ಅವರು ಜೂಡೋದಲ್ಲಿರುವ ‘ಜು’, ಅಂದರೆ ಮಣಿಯುವುದು, ಎಂಬ ಮಾತನ್ನು ಬಿಡಿಸಿ ಹೇಳಲು ಒಂದು ಲೆಕ್ಕ ಕೊಡುತ್ತಿದ್ದರು. ಎದುರಾಳಿಯ ಬಲ 10, ನಿನ್ನದು 7. ಎದುರು ತಳ್ಳಿದರೆ ಸೋಲುತ್ತೀ. ಅವನು ತಳ್ಳಿದಷ್ಟೇ ನೀನು ಹಿಂದೆ ಸರಿದರೆ ಅವನು ಮುಂದಕ್ಕೆ ವಾಲುತ್ತಾನೆ, ಆ ಗಳಿಗೆಗೆ ಅವನ ಬಲ 3ಕ್ಕೆ ಇಳಿಯುತ್ತದೆ. ನಿನ್ನ 7 ಹಾಗೇ ಇರುತ್ತದೆ, ಅದರಲ್ಲಿ ಅರ್ಧ ಸಾಕು.

ಸರಿಯುವುದೆಂದರೆ ಅಂಗಡಿಯಲ್ಲಿ ಏನು? ಕಳೆದ 30 ದಿನದ ಬಿಲ್ಲು ತೆಗೆದು ಪ್ರತಿ ಸಾಮಾನಿನ ಮುಂದೆ ಕೈಗೆ ಉಳಿದ ಲಾಭ ಬರೆ. ಚಿಪ್ಸು, ಕೂಲ್‌ಡ್ರಿಂಕ್ಸು, ಶಾಂಪೂ ಸಾಲಿನಲ್ಲಿ ಅವರನ್ನು ಗೆಲ್ಲಲಾರೆ. ಅವಕ್ಕೆ ಒಂದೊಂದು ಸಾಲು ಸಾಕು, ಎಂಆರ್‌ಪಿಗೇ ಮಾರು. ತೆರವಾದ ಜಾಗದಲ್ಲಿ ಬಿಡಿ ಅಕ್ಕಿ, ಬೇಳೆ, ಹುರಿಗಡಲೆ, ಗಿರಣಿಯಲ್ಲಿ ಅಂದೇ ಬೀಸಿದ ರಾಗಿಹಿಟ್ಟು, ಸಾಂಬಾರಪುಡಿ ಬರಲಿ. ತಿಂಗಳ ಸಾಮಾನಿನ ಚೀಟಿಯನ್ನು ವಾಟ್ಸಾಪಿನಲ್ಲಿ ಕಳಿಸಿದವರಿಗೆ ಸಂಜೆಯೊಳಗೆ ಮನೆಗೆ ಮುಟ್ಟಿಸು. ಬೆಲ್ಲ ಕಪ್ಪಾಯಿತೆಂದು ಅರ್ಧ ಉಂಡೆ ವಾಪಸ್ ತಂದ ಅಜ್ಜಿಗೆ ತಕರಾರಿಲ್ಲದೆ ಬದಲಿ ಕೊಡು. ಆ ಅಜ್ಜಿಯ ಜೊತೆ ಆ್ಯಪ್ ಮಾತಾಡಲಾರದು.

ಬಿಗಿದ ತೋಳಿನ ಇನ್ನೊಂದು ಉದಾಹರಣೆ ನೀನೇ ನೋಡಿದ್ದೀಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಅಂಟಿಸಿದರು. ಸಿಟ್ಟು ಸಹಜವೇ. ಆದರೆ ಚೀಟಿ ಕಿತ್ತರೆ ಹಳೆಯ ಜಮೆಯ ದಾಖಲೆ ಅಳಿಯುವುದಿಲ್ಲ, ಜೇಬಿನಲ್ಲಿ ಕಾಸಿಲ್ಲದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ತಳ್ಳಿದ ದಿಕ್ಕಿಗೇ ಸರಿದವರು ಮಾಡಿದ್ದು ಬೇರೆ. ನೆಂಟರು ಕಳಿಸಿದ ಕೈಸಾಲವನ್ನು ಮಾರಾಟದ ಹಣದಿಂದ ಬೇರೆ ಮಾಡಿದರು. ತೆರಿಗೆ ಇಲ್ಲದ ಹಾಲು, ತರಕಾರಿಯ ಖರೀದಿ ಬಿಲ್ಲು ಜೋಡಿಸಿ ಉತ್ತರ ಬರೆದರು. ಬರೀ ತೆರಿಗೆಯಿಲ್ಲದ ಸಾಮಾನು ಮಾರುವವರನ್ನು ಬಿಟ್ಟರೆ, ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೇ ಬೇಕು. 1.5 ಕೋಟಿಯೊಳಗಿದ್ದರೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ವ್ಯಾಪಾರಿಗೆ ವಹಿವಾಟಿನ ಮೇಲೆ ಶೇ. 1 ತೆರಿಗೆ. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯೂ ವಾಪಸ್ ಸಿಗದು. ಲೆಕ್ಕ ಹಾಕಿ ಆರಿಸಿಕೊಳ್ಳಬೇಕು.

ಬಾರ್‌ಕೋಡ್ ಬಿಲ್ಲಿಂಗ್ ತರಬೇಕು, ಹಳಬರು ಒಪ್ಪುತ್ತಿಲ್ಲ ಅಂದೆಯಲ್ಲ. ದೆ ಆಶಿ ಬರಾಯ್ ನೆನಪಿದೆಯಾ, ಪಾದ ಗುಡಿಸುವ ಪಟ್ಟು? ಎದುರಾಳಿ ಮುಂದಿಟ್ಟ ಕಾಲಿಗೆ ಭಾರ ಇಳಿಯುವ ಹೊತ್ತಿನಲ್ಲೇ ಗುಡಿಸಬೇಕು. ಮುಂಚೆ ಗುಡಿಸಿದರೆ ಕಾಲು ಇನ್ನೂ ಗಾಳಿಯಲ್ಲಿರುತ್ತದೆ, ತಡವಾದರೆ ಕಂಬಕ್ಕೆ ಒದ್ದಂತೆ. ಗಣೇಶನ ಹಬ್ಬದ ವಾರದಲ್ಲಿ ಹೊಸ ಯಂತ್ರ ತಂದಿಡುವುದು ಕಂಬಕ್ಕೆ ಒದ್ದಂತೆಯೇ. ಪಿತೃಪಕ್ಷ ಬರಲಿ. ಇಲ್ಲವಾದರೆ ಯಾವ ತಿಂಗಳಾದರೂ ಸರಿ, 20ರಿಂದ 28ರ ನಡುವೆ, ಜನರ ಸಂಬಳ ಕರಗಿ ಅಂಗಡಿ ತಣ್ಣಗಿರುವಾಗ. ಅದಕ್ಕೂ ಮೊದಲು ಕುಜುಷಿ, ಅಂದರೆ ನಿಂತ ನಿಲುವನ್ನು ಸ್ವಲ್ಪ ಅಲುಗಿಸುವುದು. ಸ್ಟಾಕ್ ಲೆಕ್ಕದ ರಾತ್ರಿ ಪುಸ್ತಕ ಹಿಡಿದು ಹನ್ನೊಂದರವರೆಗೆ ಅವರ ಜೊತೆಯಲ್ಲಿ ನೀನೂ ಎಣಿಸು. ಮಾರನೆಯ ದಿನ ಬರೀ ಬೇಳೆಯ ಸಾಲಿಗೆ ಬಾರ್‌ಕೋಡ್ ಹಾಕು. ಮೂರನೆಯ ವಾರ ಅವರೇ ಅಕ್ಕಿಗೂ ಹಾಕೋಣವಾ ಎಂದು ಕೇಳುತ್ತಾರೆ. ಕೇಳದಿದ್ದರೆ ಇನ್ನೂ ಅಲುಗಿಲ್ಲ ಎಂದು ಅರ್ಥ, ನುಗ್ಗಬೇಡ.

ಈಗ ನಾನು ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಬಲಗೈ ಆಟದವರು ಎಡಗೈಯಲ್ಲಿ ಎದುರಾಳಿಯ ತೋಳಿನ ಬಟ್ಟೆ, ಬಲಗೈಯಲ್ಲಿ ಕೊರಳಪಟ್ಟಿ ಹಿಡಿಯುತ್ತಾರೆ. ಎಸೆದ ಮೇಲೆ ಕೊರಳಪಟ್ಟಿಯ ಕೈ ಸಡಿಲವಾದರೂ ನಡೆದೀತು, ತೋಳಿನ ಕೈ ಬಿಡುವಂತಿಲ್ಲ. ಬೀಳುವವನು ನೆಲ ಮುಟ್ಟುವಾಗ ಆ ತೋಳನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಅದರಿಂದಲೇ ಅವನ ತಲೆ ಮ್ಯಾಟಿಗೆ ಅಪ್ಪಳಿಸದೆ ಉಳಿಯುತ್ತದೆ, ಇನ್ನೊಂದು ಕೈ ಬಡಿಯಲು ಹೊತ್ತು ಸಿಗುತ್ತದೆ. ಒಸೊತೊ ಗರಿಯಂಥ ಹಿಂದಕ್ಕೆ ಕೆಡವುವ ಪಟ್ಟಿನಲ್ಲಿ ತೋಳು ಬಿಟ್ಟರೆ ಹೊಸಬರ ತಲೆಗೇ ಪೆಟ್ಟು. ಇನ್ನೊಂದು ತಪ್ಪು, ಎಸೆದವನೂ ಅವನ ಪಕ್ಕೆಲುಬಿನ ಮೇಲೆ ಬೀಳುವುದು.

ಗಲ್ಲಾದಲ್ಲಿ 640 ರೂಪಾಯಿ ಕಡಿಮೆ ಬಂದಿದೆ ಎನ್ನು. ಕೌಂಟರಿನ ಹುಡುಗನನ್ನು ಗಿರಾಕಿಗಳ ಎದುರು ಕೂಗಿದರೆ ಎಸೆದು ತೋಳು ಬಿಟ್ಟಂತೆ. ಮೊದಲು ಬಾಗಿಲು ಹಾಕಿಕೊಂಡು ಲೆಕ್ಕ ನೋಡು. ಬೆಳಿಗ್ಗೆ ಇಟ್ಟ ಚಿಲ್ಲರೆ ಎಷ್ಟು? ಯುಪಿಐನಲ್ಲಿ ಬಂದ ಬಿಲ್ಲು ನಗದು ಎಂದು ನಮೂದಾಗಿದೆಯಾ? ವಾಪಸ್ ಬಂದ ಸಾಮಾನಿಗೆ ಕೊಟ್ಟ ಹಣ, ಹಮಾಲಿಗೆ, ಚಹಾಕ್ಕೆ ಹೋದ ಹಣಕ್ಕೆ ಚೀಟಿ ಇದೆಯಾ? ಹೆಚ್ಚಿನ ಸಲ ಎರಡನೆಯದರಲ್ಲೇ ಸಿಗುತ್ತದೆ. ಸಿಗದಿದ್ದರೆ ಅವನೊಬ್ಬನನ್ನೇ ಕೂರಿಸಿ ಅಂಕಿಯನ್ನು ನೇರವಾಗಿ ಹೇಳು, ಸುತ್ತಿಬಳಸಬೇಡ. ಎಸೆಯುವುದನ್ನು ಅರ್ಧಕ್ಕೆ ನಿಲ್ಲಿಸಿದರೂ ಇಬ್ಬರಿಗೂ ಏಟಾಗುತ್ತದೆ. ಸಂಬಳದಲ್ಲಿ ಮುರಿದುಕೊಳ್ಳುವ ಮೊದಲು ಅವನ ವಿವರಣೆ ಕೇಳಬೇಕೆಂದು ಕಾನೂನೂ ಹೇಳುತ್ತದೆ. ಮಾರನೆಯ ಬೆಳಿಗ್ಗೆ ಅದೇ ಕೌಂಟರಿಗೆ ಅವನನ್ನೇ ನಿಲ್ಲಿಸು, ಅರ್ಧ ಗಂಟೆ ಪಕ್ಕದಲ್ಲಿ ನಿಂತು ಬಿಲ್ಲು ಹೇಗೆ ನಮೂದಿಸುತ್ತಾನೆ ನೋಡು. ಅದು ತೋಳನ್ನು ಮೇಲಕ್ಕೆ ಎಳೆದು ಹಿಡಿಯುವುದು. ಹಳೆಯ ತಪ್ಪನ್ನೆಲ್ಲ ಎತ್ತಿ ಎರಡು ದಿನ ಮುಖ ಊದಿಸಿಕೊಂಡಿದ್ದರೆ ಪಕ್ಕೆಲುಬಿನ ಮೇಲೆ ಬಿದ್ದ ಹಾಗೆ.

ಟ್ಯಾಪ್ ಮಾಡುವ ಹಕ್ಕು ಅವರಿಗೂ ಇರಲಿ. ಮೊಣಕೈ ಪಟ್ಟಿನಲ್ಲಿ ಸಿಕ್ಕವನು ಎರಡು ಸಲ ತಟ್ಟಿದರೆ ಮರುಕ್ಷಣ ಬಿಡುತ್ತೇವೆ, ನಿಜವಾಗಿ ನೋವಾಗಿತ್ತಾ ಎಂದು ವಿಚಾರಣೆ ಮಾಡುವುದಿಲ್ಲ. ಸಂಜೆ ಏಳಕ್ಕೆ ಹದಿನಾಲ್ಕು ಮನೆಯ ಚೀಟಿ ಹಿಡಿದ ಡೆಲಿವರಿ ಹುಡುಗ ‘ಅಕ್ಕಾ, ಆಗ್ತಿಲ್ಲ’ ಅಂದರೆ ಐದು ಚೀಟಿ ತಕ್ಷಣ ತೆಗೆದುಕೋ, ಯಾಕೆಂದು ಎಂಟೂವರೆಗೆ ಕೇಳು. ಒಮ್ಮೆ ನಕ್ಕುಬಿಟ್ಟೆಯೋ, ಮುಂದಿನ ಸಲ ಅವನು ತಟ್ಟುವುದಿಲ್ಲ. ಸ್ಕೂಟರ್ ಮೇಲೆ ತಪ್ಪು ತಿರುವು ತೆಗೆದುಕೊಳ್ಳುತ್ತಾನೆ.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಾ. ಉದ್ರಿ ಪುಸ್ತಕ, 30 ದಿನದ ಬಿಲ್ಲು ಎರಡನ್ನೂ ತಾ, ಚಾಪೆ ಹಾಸಿ ಕೂತು ನೋಡೋಣ. ಮ್ಯಾಟಿಗೂ ಹೋಗೋಣ. ಕಳೆದ ಸಲ ನಿನ್ನ ಕಾಲುಗುರು ತಾಗಿ ಆ ಚಿಕ್ಕ ಹುಡುಗಿಗೆ ಗೀರು ಬಿದ್ದಿತ್ತು, ಈ ಸಲ ಕತ್ತರಿಸಿಕೊಂಡು ಬಾ.

ನಿನ್ನ,
ಅಮ್ಮ