ಆ ರಾತ್ರಿ ಕಾದ ಅಣ್ಣನಿಗೆ

ಬಾಯಿ ಕ್ಯಾನ್ಸರ್ ಅಧ್ಯಯನದ ನಮ್ಮ ಕೊನೆಯ ಪೆಟ್ಟಿಗೆ ಹೋದ ವಾರ ಮಡಿಕೇರಿಯಿಂದ ಹೊರಟು ಬೆಂಗಳೂರಿನ ಲ್ಯಾಬ್ ಸೇರಿತು. 'ಡ್ರೈ ಐಸ್ ಇನ್ನೂ ಇದೆ, ಟ್ಯೂಬ್‌ಗಳೆಲ್ಲ ಸರಿ ಇವೆ' ಅಂತ ಮೆಸೇಜ್ ಬಂದಾಗ ನಾನು ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ. ರೋಗಿಗಳು ಒಪ್ಪಿ ಕೊಟ್ಟ ಮಾದರಿಗಳನ್ನು ಟ್ಯೂಬ್‌ಗಳಲ್ಲಿ ಕೆಡದಂತೆ ಫ್ರೀಜರಿನಲ್ಲಿಟ್ಟು ಆ ಲ್ಯಾಬಿಗೆ ತಲುಪಿಸುವುದೇ ನಮ್ಮ ಕೆಲಸವಾಗಿತ್ತು.

ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಕರೆದೊಯ್ದ ಆಶಾ ಅಕ್ಕಂದಿರು, ಭಾನುವಾರವೂ ಫೋನ್ ಎತ್ತಿದ ಪೆಥಾಲಜಿ ಮೇಡಂ, ಬೇರೆ ಬೇರೆ ಸಂಸ್ಥೆಗಳಲ್ಲಿದ್ದೂ ಒಂದೇ ಕ್ರಮ ಬಿಡದೆ ಪಾಲಿಸಿದ ಗೆಳೆಯರು, ಎಲ್ಲರಿಗೂ ಕೈಮುಗಿಯುತ್ತೇನೆ.

2008ರಲ್ಲಿ ಹಲವು ದೇಶಗಳು ಕ್ಯಾನ್ಸರ್‌ಗಳ ಜೀನೋಮ್ (ಜೀವಕೋಶದ ಇಡೀ ಡಿಎನ್‌ಎ ಬರಹ) ಹಂಚಿಕೊಂಡು ಓದಲು ಹೊರಟಾಗ ಭಾರತ ಎತ್ತಿಕೊಂಡದ್ದು ಕೆನ್ನೆ, ಒಸಡು ಸೇರುವ ಜಾಗದ ಕ್ಯಾನ್ಸರ್. ನಮ್ಮವರು ಎಲೆಅಡಿಕೆ, ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಮೂಲೆಯೇ ಅದು. ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆಯವರೂ ಟಾಟಾ ಸ್ಮಾರಕ ಕೇಂದ್ರದವರೂ ಕೂಡಿ ಮಾಡಿದ ಆ ಕೆಲಸ ಓದಿಯೇ ನಾನು ಈ ದಾರಿ ಹಿಡಿದದ್ದು. ಒಂದೇ ಆಸ್ಪತ್ರೆಗೆ ಬರುವ ರೋಗಿಗಳಿಂದ ಇಂಥ ಲೆಕ್ಕ ಕೂಡುವುದಿಲ್ಲ, ಹಲವು ಕಡೆಯ ಮಾದರಿಗಳು ಸೇರಬೇಕು. ಹಾಗಾಗಿ ನಮ್ಮ ಮೂಲೆಯ ಫ್ರೀಜರ್ ಕೆಟ್ಟರೂ ಎಲ್ಲರಿಗೂ ನಷ್ಟ.

ಅದು ಕೆಟ್ಟೇಹೋಗುತ್ತಿತ್ತು, ಕೊಡಗಿನ ಜಡಿಮಳೆಯ ತಿಂಗಳು ಕಕ್ಕಡದ ಆ ರಾತ್ರಿ. ಸಿಲ್ವರ್ ಓಕ್ ಮರ ವಿದ್ಯುತ್ ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಜನರೇಟರ್ ಬ್ಯಾಟರಿ ಸತ್ತಿತ್ತು. ಮೈನಸ್ 80 ಡಿಗ್ರಿಯ ಫ್ರೀಜರ್ ಒಂದೇ ಸಮ ಕೂಗುತ್ತಿತ್ತು. ಒಳಗಿನ ಟ್ಯೂಬ್‌ಗಳನ್ನು ಐಸ್ ಡಬ್ಬಿಗೆ ಹಾಕೋಣವೆಂದು ನಾನು ಹಿಡಿಕೆಗೆ ಕೈ ಹಾಕಿದೆ. ನಮ್ಮ ಅಟೆಂಡರ್ ಅಣ್ಣ ಅಡ್ಡ ನಿಂತರು.

"ಬಾಗಿಲು ತೆಗೀಬೇಡಿ ಮೇಡಂ. ತೆಗೆದ್ರೆ ಇರೋ ಚಳಿನೂ ಹೋಗ್ತದೆ."

ತಮ್ಮ ಕಂಬಳಿಯನ್ನೇ ಫ್ರೀಜರಿಗೆ ಹೊದಿಸಿದರು. ಮೇಲೆ ಜಮಖಾನೆ, ಗೋಣಿ. ಅರ್ಧ ಗಂಟೆಗೊಮ್ಮೆ ಟಾರ್ಚ್ ಹಿಡಿದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದರು: ಹತ್ತಕ್ಕೆ ಮೈನಸ್ 77, ಹನ್ನೆರಡಕ್ಕೆ 69, ಎರಡೂವರೆಗೆ 60. ಅಂಕಿ ಏರಿದಷ್ಟೂ ನನ್ನ ಕೈ ತಣ್ಣಗಾಗುತ್ತಿತ್ತು. ಆಮೇಲೆ ಮಳೆಯಲ್ಲೇ ಹೋಗಿ ತಮ್ಮ ಜೀಪಿನ ಬ್ಯಾಟರಿ ಬಿಚ್ಚಿ ಹೊತ್ತು ತಂದರು. ಮೂರೂಮುಕ್ಕಾಲಿಗೆ ಜನರೇಟರ್ ಗುಡುಗಿತು. ಮನೆಯಿಂದ ತಂದಿದ್ದ, ಕಕ್ಕಡದಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸ ಆಗ ಡಬ್ಬಿ ತೆಗೆದು ನನಗೆ ಕೊಟ್ಟರು, ತಾವು ತಿನ್ನಲಿಲ್ಲ.

ಆ ಫ್ರೀಜರಿನಲ್ಲಿ ಒಬ್ಬ ತಾಯಿಯ ಟ್ಯೂಬ್ ಇತ್ತು. ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ, "ನಾನಂತೂ ಮೈಸೂರು ದಾಟ್ಲಿಲ್ಲ, ಇದಾದ್ರೂ ಬೆಂಗಳೂರು ನೋಡ್ತದಾ?" ಅಂದಿದ್ದರು. ಬೇಸಿಗೆಯಲ್ಲೇ ತೀರಿಕೊಂಡರು. ಹಾಳಾದರೆ ಮತ್ತೆ ಯಾರ ಹತ್ತಿರ ಹೋಗಿ ಕೇಳಲಿ? ಇವತ್ತಿಗೂ ಅದನ್ನು ನೆನೆದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಅಮ್ಮಾ, ಅದು ಬೆಂಗಳೂರು ನೋಡಿತು.

ಪ್ರಬಂಧ ಬಂದಾಗ ಕೃತಜ್ಞತೆಯ ಭಾಗದಲ್ಲಿ ಅಣ್ಣನ ಹೆಸರು ಇರಬೇಕೆಂದು ಎಲ್ಲ ಸಂಸ್ಥೆಗಳಿಗೂ ಬರೆದಿದ್ದೇನೆ. ಎಲ್ಲರೂ ಒಪ್ಪಿದ್ದಾರೆ.

ಅಣ್ಣಾ, ನೋಟ್‌ಬುಕ್ ನನ್ನ ಹತ್ತಿರವೇ ಇರಲಿ. ಕಂಬಳಿ ಒಗೆದು ಇಟ್ಟಿದ್ದೇನೆ, ಪುತ್ತರಿ ಹಬ್ಬಕ್ಕೆ ಮನೆಗೆ ಬರುವಾಗ ತರುತ್ತೇನೆ.