ಗೋಡೌನ್ ದಾಟಿದ ಔಷಧಕ್ಕೆ ಹೊಣೆ ಯಾರು? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಹುಬ್ಬಳ್ಳಿಯ ಸ್ಟಾಕಿಸ್ಟರಿಂದ, ಅಂದರೆ ಔಷಧದ ಸಗಟು ವ್ಯಾಪಾರಿಗಳಿಂದ, ಗದಗ, ರೋಣ, ಶಿಗ್ಗಾವಿ, ಸವಣೂರಿನ ಅಂಗಡಿಗಳಿಗೆ ದಿನಾ ಔಷಧ ಹೋಗುತ್ತದೆ. ಆ ದಾರಿಯಲ್ಲಿ ಅದನ್ನು ಕೆಡದಂತೆ ಒಯ್ಯುವ ತರಬೇತಿ, ಅದಕ್ಕೊಂದು ಮಾನ್ಯತೆ ಬೇಕೆಂದು ಕೇಳಲು ಈ ಪತ್ರ.

ಸಗಟು ಲೈಸೆನ್ಸಿಗೆ, ಅಂದರೆ 20ಬಿ, 21ಬಿ ನಮೂನೆಯ ಪರವಾನಗಿಗೆ, ಔಷಧ ನಿಯಮ ಮುಖ್ಯವಾಗಿ ಕೇಳುವುದು 10 ಚದರ ಮೀಟರ್ ಜಾಗ ಮತ್ತು ಒಬ್ಬ ಅರ್ಹ ವ್ಯಕ್ತಿ. ಆತ ಫಾರ್ಮಾಸಿಸ್ಟ್ ಆಗಿರಬಹುದು. ಇಲ್ಲವೇ ಎಸ್ಸೆಸ್ಸೆಲ್ಸಿ ಮುಗಿಸಿ 4 ವರ್ಷ ಅಥವಾ ಪದವಿ ಮುಗಿಸಿ 1 ವರ್ಷ ಔಷಧ ವ್ಯಾಪಾರದಲ್ಲಿ ದುಡಿದಿರಬೇಕು. ಅನುಭವವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಡಬ್ಬಿ ಕಟ್ಟುವವರು, ಗಾಡಿ ಓಡಿಸುವವರು, ಬಸ್ಸಿಗೆ ಪಾರ್ಸೆಲ್ ಹಾಕುವವರು ಏನು ಕಲಿತಿರಬೇಕು? ಅದನ್ನು ಈ ಲೈಸೆನ್ಸಿನ ನಿಯಮ ಕೇಳುವುದಿಲ್ಲ.

ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. 2ರಿಂದ 8 ಡಿಗ್ರಿಯಲ್ಲಿರಬೇಕಾದ ವಯಲ್ (ಔಷಧದ ಪುಟ್ಟ ಬಾಟಲಿ). ಬಿಸಿಲಿಗೆ ಹೆದರಿ, ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕನ್ನು ಥರ್ಮೋಕೋಲ್ ಡಬ್ಬಿಯಲ್ಲಿ ವಯಲಿಗೆ ತಾಗಿಸಿಯೇ ಇಟ್ಟುಬಿಡುತ್ತಾರೆ. ಆ ಪ್ಯಾಕ್ ಸೊನ್ನೆಗಿಂತ ಬಹಳ ಕೆಳಗಿರುವುದರಿಂದ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. ಅಂಗಡಿ ಮುಟ್ಟುವಷ್ಟರಲ್ಲಿ ಕರಗಿ, ನೋಡಲು ಮೊದಲಿನ ಹಾಗೇ ಇರಬಹುದು. ಮುಂದೆ ರೋಗಿಯ ಸಕ್ಕರೆ ಇಳಿಯದಿದ್ದರೆ ಡಾಕ್ಟರು ಡೋಸ್ ಏರಿಸುತ್ತಾರೆ, ವಯಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬರುವ ತನಕ ಕಾಯಬೇಕು. ಬೆವರಿದ್ದನ್ನು ಒರೆಸಿ, ನಡುವೆ ರಟ್ಟು ಕೊಟ್ಟು, ತಾಪಮಾನ ದಾಖಲಿಸುತ್ತಾ ಹೋಗುವ ಸಾಧನವಾದ ಡೇಟಾ ಲಾಗರನ್ನು ಔಷಧದ ಮಧ್ಯದಲ್ಲಿಡಬೇಕು. ಮುಚ್ಚಳಕ್ಕೆ ಅಂಟಿಸಿದರೆ ಅದು ಮುಚ್ಚಳದ ಕಥೆಯನ್ನಷ್ಟೇ ಹೇಳುತ್ತದೆ. ಬಸ್ ಹಿಡಿಯುವ ಗಡಿಬಿಡಿಯಲ್ಲಿ ಮೊದಲು ತಪ್ಪುವುದು ಆ ಕಾಯುವ ಹೊತ್ತೇ.

ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಕೊಡುವ ಆಕ್ಸಿಟೋಸಿನ್ನಿಗೆ ಶಾಖವೇ ಶತ್ರು. ಬಣ್ಣ ಬದಲಾಗದೆಯೇ ಶಕ್ತಿ ಕಳೆದುಕೊಳ್ಳುತ್ತದೆ.

ಫ್ರಿಡ್ಜ್ ಬೇಡದ ಮಾತ್ರೆಗಳಿಗೂ ಮಿತಿ ಇದೆ. ಎಷ್ಟೋ ಲೇಬಲ್ಲುಗಳ ಮೇಲೆ 30 ಡಿಗ್ರಿ ಮೀರಬಾರದೆಂದು ಇರುತ್ತದೆ. ತಗಡಿನ ಶೀಟಿನ ಗೋಡೌನಿನಲ್ಲಿ ಥರ್ಮಾಮೀಟರ್ ಮೇಜಿನ ಹತ್ತಿರ ತೂಗುತ್ತದೆ, ಸರಕು ಶೀಟಿನ ಕೆಳಗಿನ ರ‍್ಯಾಕಿನಲ್ಲಿರುತ್ತದೆ. ಏಪ್ರಿಲ್-ಮೇನಲ್ಲಿ ಕನಿಷ್ಠ 7 ದಿನ ಬೇರೆ ಬೇರೆ ಎತ್ತರದಲ್ಲಿ ಲಾಗರ್ ಇಟ್ಟು ಅಳೆದರೆ ಯಾವ ರ‍್ಯಾಕ್ ಖಾಲಿ ಬಿಡಬೇಕೆಂದು ತಿಳಿಯುತ್ತದೆ.

ಒಂದು ಬ್ಯಾಚ್ ವಾಪಸ್ ಕರೆಸುವ ಆದೇಶ ಬಂದಾಗ ಇನ್ನೊಂದು ತೊಡಕು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರುತ್ತದೆ ನಿಜ. ಆದರೆ ಕೈಚೀಟಿಯಲ್ಲಿ ಬದಲಿ ಕೊಟ್ಟ ಸರಕು, ಅಂಗಡಿಯಿಂದ ಅಂಗಡಿಗೆ ಕೈಗಡ ಹೋದ ಡಬ್ಬಿ ಲೆಕ್ಕಕ್ಕೇ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ದಾಸ್ತಾನು ಮತ್ತು ವಿತರಣೆಯ ಮಾರ್ಗಸೂಚಿಯಲ್ಲಿ ತರಬೇತಿಯಿಂದ ಹಿಡಿದು ವಾಪಸಾತಿಯವರೆಗೆ ಎಲ್ಲವೂ ಇದೆ. ಅದನ್ನೇ ಆಧಾರ ಮಾಡಿಕೊಂಡು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಒಂದು ಮಾನ್ಯತೆ ಶುರು ಮಾಡಿ. ಹುಬ್ಬಳ್ಳಿ-ಧಾರವಾಡದ ಫಾರ್ಮಸಿ ಕಾಲೇಜುಗಳಲ್ಲಿ 2 ದಿನದ ತರಬೇತಿ ಸಾಕು, ಆದರೆ ಅದು ಕನ್ನಡದಲ್ಲಿರಲಿ, ಮಾಲೀಕರ ಬದಲು ಪ್ಯಾಕಿಂಗ್ ಮಾಡುವವರೇ ಬಂದು ಕೂರಲಿ. ಪರೀಕ್ಷೆಯೂ ಕೈಕೆಲಸದ್ದೇ ಆಗಲಿ: ಡಬ್ಬಿ ಕಟ್ಟಿಸಿ, 4 ತಾಸು ಬಿಸಿಲಿನ ಗಾಡಿಯಲ್ಲಿಟ್ಟು, ಲಾಗರ್ ಓದಿ. ಪ್ರತಿ ಸ್ಟಾಕಿಸ್ಟರಿಗೂ ಒಂದು ಬ್ಯಾಚ್ ನಂಬರ್ ಕೊಟ್ಟು, ಅದು ಯಾರ್‍ಯಾರಿಗೆ ಎಷ್ಟು ಹೋಗಿದೆಯೆಂದು 24 ತಾಸಿನೊಳಗೆ ಹೇಳಿಸಿ. ಸಣ್ಣ ಸ್ಟಾಕಿಸ್ಟರಿಗೆ ಲಾಗರ್‌ಗಳನ್ನು ಸರದಿಯ ಮೇಲೆ ಎರವಲು ಕೊಡಬಹುದು.

ಬರೀ ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಆಗುವುದಾದರೆ ಇದು ಬೇಡವೇ ಬೇಡ. ಹೇಳದೆ ಬಂದು ತಪಾಸಣೆ ಮಾಡಬೇಕು, ತಪ್ಪಿದವರ ಮಾನ್ಯತೆ ಕಿತ್ತುಕೊಳ್ಳಬೇಕು, ಸರ್ಕಾರಿ ಟೆಂಡರಿನಲ್ಲಿ ಮಾನ್ಯತೆ ಇದ್ದವರಿಗೆ ಆದ್ಯತೆ ಸಿಗಬೇಕು. ಮೊದಲ ತಂಡದ ತರಬೇತಿ ಫೆಬ್ರವರಿಯೊಳಗೆ ಮುಗಿದರೆ ಮೊದಲ ತಪಾಸಣೆಯನ್ನು ಮೇ ತಿಂಗಳ ಮಧ್ಯಾಹ್ನವೇ ಇಟ್ಟುಕೊಳ್ಳಬಹುದು.

ಇಂತಿ,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕೆಲವು ಫಾರ್ಮಾಸಿಸ್ಟರು ಮತ್ತು ಔಷಧ ಸಗಟು ವ್ಯಾಪಾರಿಗಳು